ಕರೆಯುವ ಹಸು ಮಾರಿ ಕೋಚಿಂಗಿಗೆ ಕಳಿಸುವ ಮುನ್ನ

(ಗೌಡಗೆರೆಯಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಇವತ್ತು ನಾನು ಕೆಚ್ಚಲು ಬಾವಿನ ಬಗ್ಗೆ ಮಾತನಾಡಬೇಕಿತ್ತು. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳೋಣ. ಹೋದ ತಿಂಗಳು ನಮ್ಮ ಸದಸ್ಯೆಯೊಬ್ಬರು ನನ್ನನ್ನು ಕೊಟ್ಟಿಗೆಗೆ ಕರೆದು, "ಡಾಕ್ಟ್ರೇ, ಈ ಹಸೂನ ಈಗ ಕೊಟ್ರೆ ಎಷ್ಟು ಬರುತ್ತೆ?" ಎಂದು ಕೇಳಿದರು. ನೋಡಿದೆ. ಎರಡನೇ ಸೂಲಿನ ಸೀಮೆಹಸು, ದಿನಕ್ಕೆ ಹತ್ತು ಲೀಟರ್ ಹಾಲು, ಮೂರು ತಿಂಗಳ ಗಬ್ಬ. ಕಾಯಿಲೆಯಿಲ್ಲ, ಒದೆಯುವ ಚಾಳಿಯಿಲ್ಲ. ಇಂಥದ್ದನ್ನು ಯಾಕಮ್ಮಾ ಕೊಡುತ್ತೀರಿ ಎಂದರೆ, ಮಗಳಿಗೆ ಕೋಚಿಂಗ್ ಎಂದರು. ಮಗಳು ಸಿರಾದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಾಳೆ. ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಬೆಂಗಳೂರಿನಲ್ಲಿ ತಯಾರಿ ಮಾಡಬೇಕಂತೆ. ಶುಲ್ಕ, ಹಾಸ್ಟೆಲ್ಲು ಎಲ್ಲ ಸೇರಿದರೆ ಹಸುವಿನ ಬೆಲೆಗೂ ಮೇಲೆ.

ನಿಮ್ಮಲ್ಲಿ ಡಿಗ್ರಿ ಓದುವ ಮಕ್ಕಳಿರುವವರು ಬಹಳ ಜನ ಇದ್ದೀರಿ. ಈ ಪ್ರಶ್ನೆ ನಾಳೆ ನಿಮ್ಮ ಕೊಟ್ಟಿಗೆಗೂ ಬರುತ್ತದೆ. ಪಶುವೈದ್ಯನಿಗೆ ಇದರಲ್ಲೇನು ಕೆಲಸ ಎನ್ನಬೇಡಿ. ನಾನೂ ಒಮ್ಮೆ ಆ ಬಾಗಿಲಿಗೆ ಹೋಗಿ ಬಂದವನು.

2004ರಲ್ಲಿ, ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದಾಗ, ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ಹೆಸರು ಬೇಡ. ನಮ್ಮಪ್ಪ ಆ ವರ್ಷದ ಕಡಲೆಕಾಯಿ ದುಡ್ಡು ಕೊಟ್ಟಿದ್ದರು. ಪೂರ್ತಿ ಶುಲ್ಕ ಮೊದಲೇ ಕಟ್ಟಿಸಿಕೊಂಡರು. ಎರಡು ತಿಂಗಳಲ್ಲಿ ಮೂರು ಜನ ಮೇಷ್ಟ್ರು ಬದಲಾದರು. ಆದರೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಲಾರೆ. ನನಗೆ ಲೆಕ್ಕ ಬರುತ್ತಿತ್ತು, ಇಂಗ್ಲಿಷ್ ಗದ್ಯಭಾಗ ಓದಿ ಅರ್ಥ ಮಾಡಿಕೊಳ್ಳುವುದು ಬರುತ್ತಿರಲಿಲ್ಲ. ಅಲ್ಲಿ ದಿನವೂ ಕಲಿಸಿದ್ದು ಲೆಕ್ಕದ ಒಳದಾರಿಗಳನ್ನು. ಬರುತ್ತಿದ್ದದ್ದನ್ನೇ ಮತ್ತೆ ಕಲಿತೆ, ಬಾರದ್ದು ಬಾರದೆಯೇ ಉಳಿಯಿತು. ಸೇರುವ ಮುಂಚೆ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆದಿದ್ದರೆ ಇದು ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತಿತ್ತು.

ಪರೀಕ್ಷೆ ಎಂಥದ್ದು ಎಂದು ಮೊದಲು ಹೇಳುತ್ತೇನೆ. ದೊಡ್ಡದು ಕ್ಯಾಟ್. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ, 1973ರಲ್ಲಿ ಶುರುವಾದ ಐಐಎಂ, ಮತ್ತು ದೇಶದ ಬೇರೆ ಐಐಎಂಗಳು ಈ ಪರೀಕ್ಷೆಯ ಅಂಕ ನೋಡುತ್ತವೆ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ, ಕಂಪ್ಯೂಟರಿನ ಮುಂದೆ ಕೂತು ಬರೆಯುವುದು. 2024ರ ನವೆಂಬರ್ 24ರಂದು ನಡೆದದ್ದರಲ್ಲಿ 68 ಪ್ರಶ್ನೆಗಳಿದ್ದವು. ಇಂಗ್ಲಿಷ್ ಓದು 24, ಅಂಕಿಅಂಶ ಮತ್ತು ತರ್ಕ 22, ಗಣಿತ 22. ಒಂದೊಂದಕ್ಕೆ ನಲವತ್ತು ನಿಮಿಷ, ಒಟ್ಟು ಎರಡು ಗಂಟೆ. ಸರಿ ಉತ್ತರಕ್ಕೆ ಮೂರು ಅಂಕ. ಆಯ್ಕೆ ಕೊಟ್ಟ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಒಂದು ಅಂಕ ಕಳೆಯುತ್ತಾರೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಆ ವರ್ಷ ಬರೆದವರು 2.93 ಲಕ್ಷ ಜನ. ಸೀಟುಗಳು ಕೆಲವೇ ಸಾವಿರ.

ಫಲಿತಾಂಶವನ್ನು ಪರ್ಸೆಂಟೈಲ್ ಎಂದು ಕೊಡುತ್ತಾರೆ. ಇದು ಶೇಕಡಾವಾರು ಅಂಕವಲ್ಲ. 90 ಬಂತೆಂದರೆ ನೂರು ಜನರಲ್ಲಿ ತೊಂಬತ್ತು ಜನರನ್ನು ಹಿಂದೆ ಹಾಕಿದರು ಎಂದರ್ಥ. ಒಟ್ಟು ಅಂಕದ ಅರ್ಧದಷ್ಟು ತೆಗೆದವರಿಗೂ 99ರ ಮೇಲೆ ಬರುವುದುಂಟು. ಹಾಗಾಗಿ ಎಲ್ಲ ಪ್ರಶ್ನೆ ಮಾಡುವ ಅಗತ್ಯವಿಲ್ಲ, ಯಾವುದನ್ನು ಬಿಡಬೇಕೆಂದು ತಿಳಿಯಬೇಕು. ಅದು ಬರುವುದು ಗಡಿಯಾರದ ಮುಂದೆ ಮತ್ತೆ ಮತ್ತೆ ಬರೆದು, ತಪ್ಪು ಎಲ್ಲಾಯಿತೆಂದು ನೋಡಿಕೊಂಡಾಗ.

ಈಗ ಕೋಚಿಂಗ್ ಏನು ಕೊಡುತ್ತದೆ? ಹಸುವಿಗೆ ಹಿಂಡಿ ಹಾಕುವ ಲೆಕ್ಕ ನಿಮಗೆ ಗೊತ್ತು. ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹತ್ತು ಲೀಟರಿನ ಹಸುವಿಗೆ ಐದೂವರೆ ಕೆಜಿ ಹಾಕಿದರೆ ಹಾಲಾಗಿ ವಾಪಸು ಬರುತ್ತದೆ. ಅಷ್ಟನ್ನೇ ಬತ್ತಿದ ಹಸುವಿಗೆ ಹಾಕಿದರೆ ಕೊಬ್ಬು ಬರುತ್ತದೆ, ಹಾಲಲ್ಲ. ಮಕ್ಕಳನ್ನು ಹಸುವಿಗೆ ಹೋಲಿಸಿದರು ಡಾಕ್ಟರು ಎಂದು ಮನೆಗೆ ಹೋಗಿ ನಗಬೇಡಿ. ಹುಟ್ಟಿನ ಮಾತು ಆಡುತ್ತಿಲ್ಲ, ಹೊತ್ತಿನ ಮಾತು ಆಡುತ್ತಿದ್ದೇನೆ. ಕೋಚಿಂಗ್ ಕೊಡುವುದು ವೇಳಾಪಟ್ಟಿ, ಅಭ್ಯಾಸ ಪರೀಕ್ಷೆ, ಜೊತೆಗೆ ಓದುವವರು, ತಪ್ಪು ತೋರಿಸುವ ಒಬ್ಬರು. ಓದುವ ರೂಢಿ ಆಗಲೇ ಇರುವ ಮಗುವಿಗೆ ಇದರಿಂದ ಅಂಕ ಏರುತ್ತದೆ. ಹತ್ತು ವರ್ಷದಲ್ಲಿ ಬರಬೇಕಾದ ಇಂಗ್ಲಿಷ್ ಓದನ್ನು ಅದು ನಾಲ್ಕು ತಿಂಗಳಲ್ಲಿ ತಂದುಕೊಡಲಾರದು.

ಇನ್ನೊಂದು ವಿಷಯ ಜಾಹೀರಾತಿನಲ್ಲಿ ಕಾಣುವುದಿಲ್ಲ. ಬೆಂಗಳೂರಿನ ಐಐಎಂ ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಅಂಕದ ಜೊತೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ಎಣಿಸುತ್ತದೆ. ಹಳೆಯ ಅಂಕಪಟ್ಟಿಯನ್ನು ಯಾವ ಕೋಚಿಂಗೂ ತಿದ್ದಲಾಗದು. ಅದನ್ನು ಎದುರಿಗಿಟ್ಟುಕೊಂಡೇ ಯಾವ ಕಾಲೇಜಿಗೆ ಆಸೆ ಪಡಬೇಕೆಂದು ನಿರ್ಧರಿಸಬೇಕು.

ನೀವು ಹಸು ಕೊಳ್ಳಲು ಹೋದಾಗ ಮಾರುವವನ ಮಾತು ನಂಬುತ್ತೀರಾ? ಎರಡು ಮೂರು ಹೊತ್ತು ನೀವೇ ನಿಂತು ಕರೆಸಿ ಅಳೆಯುತ್ತೀರಿ. ಇಲ್ಲಿಯೂ ಹಾಗೆ ಮಾಡಿ. ಕ್ಯಾಟ್‌ನ ಅಧಿಕೃತ ಜಾಲತಾಣದಲ್ಲೇ ಮಾದರಿ ಪರೀಕ್ಷೆ ಉಚಿತವಾಗಿ ಸಿಗುತ್ತದೆ. ಮೂರು ಭಾನುವಾರ, ಮೂರು ಬೇರೆ ಬೇರೆ ಪತ್ರಿಕೆ, ಎರಡೆರಡು ಗಂಟೆ, ಮೊಬೈಲು ನಿಮ್ಮ ಕೈಯಲ್ಲಿ. ಒಟ್ಟು ಅಂಕಕ್ಕಿಂತ ಯಾವ ಭಾಗದಲ್ಲಿ ಎಷ್ಟು ಎಂದು ನೋಡಿ. ಓದು ಪರವಾಗಿಲ್ಲ, ಲೆಕ್ಕ ಮತ್ತು ತರ್ಕ ಹಿಂದೆ ಎಂದಾದರೆ ಕೋಚಿಂಗ್ ಉಪಯೋಗಕ್ಕೆ ಬರಬಹುದು. ಓದೇ ಹಿಂದೆ ಎಂದಾದರೆ ಈ ವರ್ಷ ದುಡ್ಡು ಕಟ್ಟಬೇಡಿ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಒಂದು ವರ್ಷ. ಮೂರನೇ ಭಾನುವಾರ ಮಗುವೇ ಕೂರಲು ಒಪ್ಪಲಿಲ್ಲ ಎಂದಾದರೆ ಅದೂ ಒಂದು ಉತ್ತರವೇ.

ಕ್ಯಾಟ್ ಒಂದೇ ಬಾಗಿಲಲ್ಲ. ನಮ್ಮ ರಾಜ್ಯದ ಕಾಲೇಜುಗಳ ಎಂ.ಬಿ.ಎ. ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಇದೆ. ತುಮಕೂರಿನಲ್ಲೇ ಓದುವ ಉದ್ದೇಶವಿದ್ದರೆ ಹಳೆಯ ಪ್ರಶ್ನೆಪತ್ರಿಕೆ ಮತ್ತು ಒಂದು ಒಳ್ಳೆಯ ಪುಸ್ತಕ ಸಾಕು, ಅದಕ್ಕೆ ಬೆಂಗಳೂರಿನ ಹಾಸ್ಟೆಲ್ ಬೇಡ ಎಂಬುದು ನನ್ನ ಅಭಿಪ್ರಾಯ. ನಮ್ಮ ಹಾಲಿನ ಕಸುಬಿಗೇ ಹತ್ತಿರವಾದ ಸಂಸ್ಥೆಯೊಂದು ಗುಜರಾತಿನ ಆನಂದದಲ್ಲಿದೆ. ಡಾ. ವರ್ಗೀಸ್ ಕುರಿಯನ್ ಅವರು 1979ರಲ್ಲಿ ಕಟ್ಟಿದ ಇರ್ಮಾ. 2025ರಲ್ಲಿ ಸಂಸತ್ತಿನ ಕಾಯ್ದೆಯಿಂದ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. ಖೇಡಾ ಹಾಲು ಒಕ್ಕೂಟದ ಮೊದಲ ಅಧ್ಯಕ್ಷರಾದ ತ್ರಿಭುವನದಾಸ್ ಪಟೇಲರ ಹೆಸರು ಅದು. ಸಹಕಾರಿ ಸಂಸ್ಥೆಗಳನ್ನು ನಡೆಸುವುದನ್ನು ಕಲಿಸುವ ಆ ಜಾಗಕ್ಕೆ ಹಾಲು ಹಾಕುವವರ ಮನೆಯ ಮಕ್ಕಳು ಅರ್ಜಿ ಹಾಕಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಹಣದ ಮಾತು. ಐಐಎಂನ ಎರಡು ವರ್ಷದ ಖರ್ಚು ಬೆಂಗಳೂರಿನಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲೆ. ಕೇಳಿ ಹೆದರಬೇಡಿ. ಅಂಥ ಕಡೆ ಸೀಟು ಸಿಕ್ಕಿದರೆ ಬ್ಯಾಂಕುಗಳು ಜಮೀನು ಅಡ ಕೇಳದೆ ಸಾಲ ಕೊಡುತ್ತವೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯೂ ಅದಕ್ಕೇ ಇರುವುದು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಟಾಪ್ ಕ್ಲಾಸ್ ವಿದ್ಯಾರ್ಥಿವೇತನವಿದೆ. ಸೀಟು ಸಿಕ್ಕ ಮೇಲೆ ದಾರಿಗಳುಂಟು. ಸೀಟು ಸಿಗುವ ಮುಂಚಿನ ಖರ್ಚೇ ನಿಮ್ಮ ಕೈಯಿಂದ ಹೋಗುವುದು, ಅದು ಸಾಲವಾಗಿಯೂ ಉಳಿಯದು, ಹಸುವಾಗಿಯೂ ಉಳಿಯದು. ಕೋಚಿಂಗಿನವರು ಹೇಳುವ ಶುಲ್ಕದ ಮೇಲೆ ಶೇ. 18 ಜಿ.ಎಸ್.ಟಿ. ಬೇರೆ ಇರುತ್ತದೆ, ಸೇರಿದೆಯೋ ಇಲ್ಲವೋ ಕೇಳಿ.

ಕಟ್ಟಲೇಬೇಕಾದರೆ ಕಂತಿನಲ್ಲಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಶುಲ್ಕ ಕಟ್ಟಿದವರು ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು. ನನ್ನ ಕಾಲದಲ್ಲಿ ಇದಿರಲಿಲ್ಲ. ಗೋಡೆಯ ಮೇಲೆ ರ‍್ಯಾಂಕ್ ಬಂದವರ ಫೋಟೊ ಕಂಡರೆ, ಇವರು ಇಲ್ಲಿ ಪೂರ್ತಿ ಕೋರ್ಸ್ ಓದಿದರೋ, ಕೊನೆಯಲ್ಲಿ ಸಂದರ್ಶನದ ತರಬೇತಿಗಷ್ಟೇ ಬಂದರೋ ಎಂದು ಕೇಳಿ. ಅದನ್ನು ಜಾಹೀರಾತಿನಲ್ಲೇ ತಿಳಿಸಬೇಕೆಂದು 2024ರ ನವೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ.

ಇಷ್ಟನ್ನೂ ಆ ತಾಯಿಗೆ ಹೇಳಿ ದೊಡ್ಡ ಕೆಲಸ ಮಾಡಿದೆ ಎಂದುಕೊಂಡಿದ್ದೆ. ಮಗಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. "ಸರ್, ನೀವು ಹೇಳಿದ್ದೆಲ್ಲ ಸರಿ. ಆದ್ರೆ ಈ ಮನೇಲಿ ಎರಡು ಗಂಟೆ ನನಗೆ ಯಾರು ಬಿಡ್ತಾರೆ? ಬೆಳಗ್ಗೆ ಸಗಣಿ ಬಾಚಿ, ಡೈರಿಗೆ ಹಾಲು ಹಾಕಿ, ಬಸ್ಸಿಗೆ ಓಡ್ತೀನಿ. ಸಾಯಂಕಾಲ ಮತ್ತೆ ಹಾಲು. ಅಣ್ಣ ಓದೋವಾಗ ಅವನನ್ನ ಯಾರೂ ಎಬ್ಬಿಸ್ತಿರಲಿಲ್ಲ. ಹಾಸ್ಟೆಲ್ಲಿಗೆ ಹೋದ್ರೆ ಪಾಠ ಬರುತ್ತೋ ಇಲ್ವೋ, ಓದೋಕೆ ಹೊತ್ತಾದ್ರೂ ಸಿಗುತ್ತೆ" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಕೇಳುತ್ತಿದ್ದದ್ದು ಕೋಚಿಂಗನ್ನಲ್ಲ, ಹೊತ್ತನ್ನು. ಅದನ್ನು ಕೊಳ್ಳಲು ಅವರಮ್ಮ ಹಸು ಮಾರಲು ಹೊರಟಿದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರ ಯಜಮಾನರು, ಬೆಳಗಿನ ಕ್ಯಾನು ನಾನೇ ತಗೊಂಡು ಹೋಗ್ತೀನಿ ಬಿಡು ಎಂದರು. ಸಾಯಂಕಾಲದ್ದು ಅಣ್ಣನ ಪಾಲಿಗೆ ಬಂತು. ಅವನ ಮುಖ ನೋಡಬೇಕಿತ್ತು ನೀವು.

ಹೋದ ಭಾನುವಾರ ಅವಳು ಮೊದಲ ಪತ್ರಿಕೆ ಬರೆದಳು. ತರ್ಕದ ಭಾಗ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಗದ್ಯಭಾಗಗಳಲ್ಲಿ ಅರ್ಧ ಮುಟ್ಟಿಯೇ ಇಲ್ಲ. ಇನ್ನೆರಡು ಭಾನುವಾರ ಬಾಕಿಯಿವೆ. ಬೆಂಗಳೂರಿಗೆ ಹೋಗುವ ಆಸೆಯನ್ನು ಅವಳು ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳಿಲ್ಲ. ಹಸು ಸದ್ಯಕ್ಕೆ ಕೊಟ್ಟಿಗೆಯಲ್ಲಿದೆ.

ಮೂರು ಮಾದರಿ ಪತ್ರಿಕೆಗಳನ್ನು ಪ್ರಿಂಟ್ ಹಾಕಿಸಿ ನಿಮ್ಮ ಸಂಘದ ಕಾರ್ಯದರ್ಶಿಗಳ ಬಳಿ ಕೊಟ್ಟಿದ್ದೇನೆ. ಬೇಕಾದವರು ಬೆಳಗಿನ ಹಾಲು ಹಾಕುವಾಗ ಹೆಸರು ಬರೆಸಿ ತೆಗೆದುಕೊಂಡು ಹೋಗಿ, ಬರೆದ ಮೇಲೆ ನನಗೂ ತೋರಿಸಿ.