ತೀರ್ಮಾನಕ್ಕೆ ಮುಂಚಿನ ಗಳಿಗೆ



ಹದಿನಾರನೆಯ ಶತಮಾನದಲ್ಲಿ, ಅಚ್ಯುತರಾಯನು ಆಳುತ್ತಿದ್ದ ಕಾಲದಲ್ಲಿ, ವಿಜಯನಗರದಲ್ಲಿದ್ದ ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವರ್ತಕನು ಬರೆದಿಟ್ಟ ವೃತ್ತಾಂತದಲ್ಲಿ, ಯುದ್ಧಗಳ ಮತ್ತು ಉತ್ಸವಗಳ ವರ್ಣನೆಯ ನಡುವೆ, ಓದುವವರು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಒಂದು ಸಣ್ಣ ಸಂಗತಿಯುಂಟು. ಅದಕ್ಕೂ ಹಿಂದೆ ರಾಜ್ಯವಾಳಿದ ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ ಬಂದರುಗಳಿಂದ ಕುದುರೆಗಳನ್ನು ತರಿಸುತ್ತಿದ್ದನೆಂದೂ, ಸಾವಿರ ಪರ್ದಾವು ಹೊನ್ನಿಗೆ ಮೂರರಂತೆ ಸತ್ತದ್ದನ್ನೂ ಬದುಕಿದ್ದನ್ನೂ ಒಂದೇ ಬೆಲೆಗೆ ಕೊಳ್ಳುತ್ತಿದ್ದನೆಂದೂ, ಸಮುದ್ರದ ಮಧ್ಯೆ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೂ ವರ್ತಕನಿಗೆ ಪೂರ್ಣ ಮೌಲ್ಯ ಸಲ್ಲುತ್ತಿತ್ತೆಂದೂ ಆತನು ಹೇಳುತ್ತಾನೆ.

ಬಾಲಕ್ಕೆ ಹೊನ್ನು ಕೊಡುವ ಅರಸನನ್ನು ನಾವು ಏನೆಂದು ಎಣಿಸಬೇಕು? ಕಡಲ ಪ್ರಯಾಣದ ಅಪಾಯವನ್ನು ವರ್ತಕನ ಹೆಗಲಿನಿಂದ ಬೊಕ್ಕಸಕ್ಕೆ ವರ್ಗಾಯಿಸಿ, ಹಡಗುಗಳು ಬೇರೆ ಬಂದರಿಗೆ, ಬೇರೆ ದೊರೆಯ ಬಳಿಗೆ ಹೋಗದಂತೆ ಮಾಡಿದ ಚತುರನೆಂದೆ? ಅಥವಾ ಒಂದು ಕುದುರೆಯ ಬಾಲವನ್ನು ಎರಡು ಬಾರಿ ತೋರಿಸಬಲ್ಲ ಧೂರ್ತರಿಗೆ ಬಾಗಿಲು ತೆರೆದ ಉದಾರಿಯೆಂದೆ? ನೂನಿಜನು ವರ್ತಕರಿಗೆ ಒಳ್ಳೆಯ ಲಾಭವಾಯಿತೆಂದು ನುಡಿದು ಮುಂದೆ ಸಾಗುತ್ತಾನೆ. ಆದರೆ ಇಂದಿನ ವ್ಯವಹಾರ ಶಾಸ್ತ್ರದ ಅಧ್ಯಾಪಕನೊಬ್ಬನ ಕೈಗೆ ಆ ನಾಲ್ಕು ಸಾಲುಗಳು ದೊರೆತರೆ, ಆತನು ಅವುಗಳಿಂದ ಎರಡು ತಾಸಿನ ಪಾಠವನ್ನು ನಡೆಸಬಲ್ಲನು. ಅಂಥ ಪಾಠಕ್ಕೆಂದೇ ಬರೆಯಲ್ಪಡುವ, ಕಾಲೇಜುಗಳಲ್ಲಿ ಕೇಸ್ ಸ್ಟಡಿ ಎಂದು ಕರೆಯಲ್ಪಡುವ ಬೋಧನ ಪ್ರಕರಣಗಳನ್ನು ಕುರಿತು, ವಿಶೇಷವಾಗಿ ಏಷ್ಯಾ ಖಂಡದ ಉದ್ಯಮಗಳ ಪ್ರಕರಣಗಳನ್ನು ಬರೆಯುವ ಮತ್ತು ಪ್ರಕಟಿಸುವ ಕಾರ್ಯವನ್ನು ಕುರಿತು, ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಈ ಪದ್ಧತಿಯು ಹುಟ್ಟಿದ್ದು ನ್ಯಾಯಶಾಸ್ತ್ರದ ಮನೆಯಲ್ಲಿ. 1870ರ ಸುಮಾರಿಗೆ ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದಲ್ಲಿ ಲ್ಯಾಂಗ್‌ಡೆಲ್ ಎಂಬ ಪ್ರಾಧ್ಯಾಪಕನು ಸೂತ್ರಗಳನ್ನು ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ನಡೆದುಹೋದ ಮೊಕದ್ದಮೆಗಳನ್ನೇ ಶಿಷ್ಯರ ಮುಂದಿಟ್ಟನು. 1908ರಲ್ಲಿ ಅಲ್ಲಿಯೇ ಸ್ಥಾಪಿತವಾದ ವ್ಯವಹಾರ ವಿದ್ಯಾಶಾಲೆಯು, ನ್ಯಾಯಶಾಸ್ತ್ರ ಕಲಿತಿದ್ದ ಡೊನ್‌ಹಮ್ ಎಂಬುವರು ಅದರ ಮುಖ್ಯಸ್ಥರಾದ ಮೇಲೆ ಈ ಕ್ರಮವನ್ನು ಎರವಲು ಪಡೆಯಿತು. 1921ರಲ್ಲಿ ಬರೆಯಲ್ಪಟ್ಟ ಮೊದಲ ಪ್ರಕರಣವು ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ಕೂಲಿಗಾರರು ಗಂಟೆ ಹೊಡೆಯುವ ಮುಂಚೆಯೇ ಕೆಲಸ ನಿಲ್ಲಿಸುತ್ತಿದ್ದುದನ್ನು ಕುರಿತದ್ದು. ಒಂದೇ ಪುಟದ ಬರಹ. 1961ರಲ್ಲಿ ಹಾರ್ವರ್ಡ್‌ನ ನೆರವಿನಿಂದಲೇ ಅಹಮದಾಬಾದಿನ ಸಂಸ್ಥೆಯು ತಲೆಯೆತ್ತಿದಾಗ ಈ ಪದ್ಧತಿಯು ಭರತಖಂಡಕ್ಕೆ ಬಂದಿತು. 1973ರಲ್ಲಿ ಬೆಂಗಳೂರಿಗೂ ಅಂಥದೊಂದು ಸಂಸ್ಥೆ ದೊರೆಯಿತು. ಆದರೂ ಬಹುಕಾಲ ಏಷ್ಯಾದ ವಿದ್ಯಾರ್ಥಿಗಳು ಓದಿದುದು ಅಮೆರಿಕದ ಸಾಬೂನು, ಮೋಟಾರು, ವಿಮಾನಗಳ ಕಥೆಗಳನ್ನೇ. 1990ರ ದಶಕದಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳ ವಿಶ್ವವಿದ್ಯಾನಿಲಯಗಳು ಏಷ್ಯಾದ ಪ್ರಕರಣಗಳಿಗೆಂದೇ ಕೇಂದ್ರವನ್ನೂ ನಿಯತಕಾಲಿಕವನ್ನೂ ಆರಂಭಿಸಿದ ಮೇಲೆ ಆ ಕೊರತೆ ಸ್ವಲ್ಪಮಟ್ಟಿಗೆ ತುಂಬಿತು. ಇಷ್ಟು ಇತಿಹಾಸ ಸಾಕು.

ಉದ್ಯಮದ ಚರಿತ್ರೆಗೂ ಬೋಧನ ಪ್ರಕರಣಕ್ಕೂ ಇರುವ ಭೇದವನ್ನು ಒಂದು ಉದಾಹರಣೆಯಿಂದ ವಿಶದಪಡಿಸುವೆನು. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಷ್ಟು ದೂರ ಹೋದರೆ ಸಾಕು. ಆ ರಸ್ತೆಯಲ್ಲಿ ಅದಿರು ಸಾಗಿಸುತ್ತಿದ್ದ ಒಬ್ಬ ಲಾರಿ ಮಾಲೀಕನನ್ನು ಕಲ್ಪಿಸಿಕೊಳ್ಳೋಣ. ಕಾಲವು 2011ರ ಮೇ ತಿಂಗಳು. ಆತನ ಬಳಿ ಒಂದು ಟಿಪ್ಪರ್ ಲಾರಿಯುಂಟು, ಅದರ ಸಾಲ ತೀರುತ್ತ ಬಂದಿದೆ; ಫೈನಾನ್ಸ್ ಕಂಪನಿಯವರು ಎರಡನೆಯದಕ್ಕೆ ಸಾಲ ಕೊಡಲು ಮನೆ ಬಾಗಿಲಿಗೇ ಬಂದಿದ್ದಾರೆ. ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಒಂದು ಲಾರಿಯಿಂದ ಆರಂಭಿಸಿದ ನೆರೆಹೊರೆಯವರು ನಾಲ್ಕೈದರ ಒಡೆಯರಾದುದನ್ನು ಆತ ಕಣ್ಣಾರೆ ಕಂಡಿದ್ದಾನೆ. 2008ರ ಡಿಸೆಂಬರಿನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯನ್ನು ಕುರಿತ ಮೊದಲ ವರದಿಯನ್ನು ಕೊಟ್ಟಾಗ ಎಲ್ಲವೂ ನಿಂತೇಹೋಗುವುದೆಂದು ಜನರು ಹೇಳಿದರು, ನಿಲ್ಲಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ನಿಷೇಧಿಸಿದಾಗ ಲಾರಿಯು ಕೆಲವು ಕಾಲ ಸುಮ್ಮನೆ ನಿಂತದ್ದೂ ನಿಜ. ಆದರೆ 2011ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಆ ನಿಷೇಧ ತೆರವಾಗಿದೆ. ಲೋಕಾಯುಕ್ತರ ಎರಡನೆಯ ವರದಿ ಬರಲಿದೆಯೆಂಬ ವದಂತಿಯೂ ಚಹಾದಂಗಡಿಯಲ್ಲಿ ಕಿವಿಗೆ ಬೀಳುತ್ತಿದೆ. ಆತನು ಎರಡನೆಯ ಲಾರಿಯನ್ನು ಕೊಳ್ಳಬೇಕೇ?

ಪ್ರಕರಣವು ಇಲ್ಲಿಗೆ ನಿಲ್ಲುತ್ತದೆ.

ಮುಂದೆ ನಡೆದುದನ್ನು ಈ ಪ್ರಾಂತದವರೆಲ್ಲರೂ ಬಲ್ಲರು. ಜುಲೈ 27ರಂದು ಎರಡನೆಯ ವರದಿ ಬಂದಿತು. ಎರಡೇ ದಿನದಲ್ಲಿ, 29ರಂದು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸಾಲದ ಕಂತು ಕಟ್ಟಲಾಗದ ಲಾರಿಗಳು ರಸ್ತೆಯ ಬದಿಯಲ್ಲಿ ಸಾಲುಗಟ್ಟಿ ನಿಂತವು. ಇದನ್ನು ಬಲ್ಲ ನಾವು, ಮೇ ತಿಂಗಳಿನ ಆ ಮನುಷ್ಯನನ್ನು ಕುರಿತು, ಗೋಡೆಯ ಮೇಲಿನ ಬರಹವನ್ನು ಓದಲಾರದವನೆಂದು ಸುಲಭವಾಗಿ ನಗುತ್ತೇವೆ. ಆದರೆ ಆ ಮೇ ತಿಂಗಳಿನಲ್ಲಿ ಗೋಡೆಯ ಮೇಲೆ ಎರಡು ಬರಹಗಳಿದ್ದವು, ಒಂದು ಇನ್ನೊಂದನ್ನು ಅಲ್ಲಗಳೆಯುತ್ತಿತ್ತು. ಪ್ರಕರಣವನ್ನು ಬರೆಯುವವನಿಗೆ ಇರಬೇಕಾದ ಪರಮ ಸಂಯಮವು ಇದೇ ಎಂದು ನನ್ನ ಅಭಿಪ್ರಾಯ: ನಿರ್ಣಯ ಮಾಡಬೇಕಾದವನಿಗೆ ಆ ಗಳಿಗೆಯಲ್ಲಿ ತಿಳಿದಿದ್ದುದನ್ನೆಲ್ಲ ಕೊಡಬೇಕು, ಅನಂತರ ಲೋಕಕ್ಕೆ ತಿಳಿದುದನ್ನು ಒಂದು ವಿಶೇಷಣದಲ್ಲಿಯೂ ಒಸರಗೊಡಬಾರದು. ‘ದುರದೃಷ್ಟವಶಾತ್ ಆತನು ಲಾರಿಯನ್ನು ಕೊಳ್ಳಲು ಯೋಚಿಸಿದನು’ ಎಂದು ಬರೆದರೆ ಆ ಒಂದು ಪದವೇ ತರಗತಿಯ ಚರ್ಚೆಯನ್ನು ಕೊಂದುಹಾಕುತ್ತದೆ. ಕಥೆಗಾರರಿಗೂ ಇತಿಹಾಸಕಾರರಿಗೂ ಇರುವ ಸ್ವಾತಂತ್ರ್ಯ ಈ ಬರಹಗಾರನಿಗಿಲ್ಲ.

ಈ ಸಂಯಮದ ಇನ್ನೂ ಕಠಿನವಾದ ಪರೀಕ್ಷೆಯೊಂದು ಹೊಸಪೇಟೆಯಲ್ಲಿಯೇ ಉಂಟು. ಅಣೆಕಟ್ಟುಗಳ ಬಾಗಿಲುಗಳನ್ನು, ಎಂದರೆ ಕ್ರಸ್ಟ್ ಗೇಟುಗಳನ್ನು, ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರಕಾರೀ ಉದ್ಯಮವು 1960ರಲ್ಲಿ ಇಲ್ಲಿ ಸ್ಥಾಪಿತವಾಯಿತು. ನಷ್ಟದಲ್ಲಿ ಬಿದ್ದ ಅದನ್ನು ಮುಚ್ಚಲು 2015ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸಲು ಸುಮಾರು ಒಂದು ವಾರ ಹಿಡಿಯಿತು. ಆ ವಾರದಲ್ಲಿ ಮುಚ್ಚಿದ ಕಾರ್ಖಾನೆಯ ನೆನಪು ಅನೇಕರಿಗೆ ಬಂದುದು ಸಹಜವೇ. ಈಗ ಯಾರಾದರೂ ಈ ಪ್ರಕರಣವನ್ನು ಬರೆಯಹೊರಟರೆ, ಆರಂಭಿಸುವ ವರ್ಷ ಯಾವುದು? 2024 ಎಂದರೆ ಅದು ದೋಷಾರೋಪಣ ಪತ್ರವಾಗುತ್ತದೆ. 2015ರ ಕಡತದ ಮುಂದೆ ಕುಳಿತ ಅಧಿಕಾರಿಯ ಕಣ್ಣಿನಿಂದ ಆರಂಭಿಸಿದರೆ, ವರ್ಷವರ್ಷದ ನಷ್ಟವನ್ನು ಒಂದು ತಟ್ಟೆಯಲ್ಲಿಯೂ, ಯಾವ ಲೆಕ್ಕಪತ್ರದಲ್ಲಿಯೂ ಬೆಲೆ ಕಾಣಿಸದ ಕುಶಲತೆಯನ್ನು ಇನ್ನೊಂದು ತಟ್ಟೆಯಲ್ಲಿಯೂ ಇಟ್ಟು ತೂಗುವ ಕಷ್ಟ ವಿದ್ಯಾರ್ಥಿಗೆ ಅನುಭವಕ್ಕೆ ಬರುತ್ತದೆ. ನಾನಾದರೆ ಎರಡನೆಯದನ್ನೇ ಆರಿಸುವೆನು, ಗೇಟಿನ ಸಂಗತಿಯನ್ನು ತರಗತಿಯ ಕೊನೆಯ ಹತ್ತು ನಿಮಿಷಕ್ಕೆ ಕಾದಿರಿಸುವೆನು.

ಬರೆದುದನ್ನು ಪ್ರಕಟಿಸುವ ಮಾರ್ಗವು ಬೇರೆಯೇ ಒಂದು ಅಧ್ಯಾಯ. ಉದ್ಯಮದ ಒಳಗೆ ಹೋಗಿ ಮಾತನಾಡಿಸಿ ಸಂಗ್ರಹಿಸಿದ ವಿಷಯವಾದರೆ, ಬರಹವನ್ನು ಆ ಉದ್ಯಮದವರಿಗೆ ತೋರಿಸಿ, ಪ್ರಕಟಣೆಗೆ ಅವರ ಲಿಖಿತ ಒಪ್ಪಿಗೆಯನ್ನು ಪಡೆಯದೆ ಯಾವ ಒಳ್ಳೆಯ ಪ್ರಕಾಶಕರೂ ಅದನ್ನು ಸ್ವೀಕರಿಸುವುದಿಲ್ಲ. ಕಂಪನಿಯು ಹಿಂಜರಿದರೆ ಹೆಸರನ್ನು ಮರೆಮಾಡಬಹುದು. ಅಂಕಿಗಳನ್ನೆಲ್ಲ ಒಂದೇ ಗುಣಕದಿಂದ ಗುಣಿಸಿ, ಅವುಗಳ ಪರಸ್ಪರ ಪ್ರಮಾಣ ಕೆಡದಂತೆ ನಿಜರೂಪವನ್ನು ಮುಚ್ಚಬಹುದು. ನಮ್ಮ ಕಡೆ ಈ ಒಪ್ಪಿಗೆಯೇ ದುಸ್ತರವಾದ ಘಟ್ಟ. ಅಣ್ಣತಮ್ಮಂದಿರು, ಮಾವ, ಅಳಿಯ ಎಲ್ಲರೂ ಪಾಲುದಾರರಾದ ಅಂಗಡಿಯಲ್ಲಿ ಹಿರಿಯಣ್ಣನು ಹ್ಞೂಂ ಎಂದುದನ್ನು ಕಿರಿಯವನು ಒಪ್ಪದಿರಬಹುದು. ಲೆಕ್ಕದ ಪುಸ್ತಕವನ್ನು ಮೇಷ್ಟ್ರಿಗೆ ತೋರಿಸುವುದಕ್ಕೂ ತೆರಿಗೆಯವರಿಗೆ ತೋರಿಸುವುದಕ್ಕೂ ವ್ಯತ್ಯಾಸವಿದೆಯೆಂದು ನಂಬಿಸಲು ಎಷ್ಟೋ ಲೋಟ ಚಹಾ ಖರ್ಚಾಗಬೇಕು. ಅಮೆರಿಕದ ಮಾದರಿಯಲ್ಲಿ ಪ್ರಕರಣವು ಒಬ್ಬ ಏಕಾಂಗಿ ನಿರ್ದೇಶಕನು ಕಿಟಕಿಯಾಚೆ ನೋಡುತ್ತ ಚಿಂತಿಸುವುದರಿಂದ ಆರಂಭವಾಗುವ ರೂಢಿಯುಂಟಷ್ಟೆ; ನಮ್ಮಲ್ಲಿ ತೀರ್ಮಾನಗಳು ಊಟದ ಪಂಕ್ತಿಯಲ್ಲಿ, ಕೆಲವೊಮ್ಮೆ ಮದುವೆಯ ಮಾತುಕತೆಯ ಮಧ್ಯದಲ್ಲಿ ಆಗುತ್ತವೆ. ಆ ಕಿಟಕಿಯನ್ನು ಇಲ್ಲಿಗೆ ತಂದು ಗೋಡೆಗೆ ಹಚ್ಚುವುದು ಸುಳ್ಳು ಬರವಣಿಗೆ.

ಒಪ್ಪಿಗೆಯ ಇನ್ನೊಂದು ತೊಡಕಿಗೆ ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿರಿ. ತಾಂಡಾಗಳ ಹೆಣ್ಣುಮಕ್ಕಳು ಕನ್ನಡಿ, ಕವಡೆ ಕೂಡಿಸಿ ಹೊಲಿಯುವ ಈ ಕಲೆಯನ್ನು ಸಂಡೂರು ಕುಶಲ ಕಲಾ ಕೇಂದ್ರವು ದಶಕಗಳಿಂದ ಮಾರುಕಟ್ಟೆಗೆ ಒಯ್ಯುತ್ತಿದೆ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯುಂಟು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನೆರೆದಾಗ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1755 ಕಸೂತಿ ತುಣುಕುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಇಂಥ ಕೀರ್ತಿಯ ಅಂಶಗಳು ಪತ್ರಿಕಾ ವರದಿಗೆ ಸಾಕು. ಬೋಧನ ಪ್ರಕರಣಕ್ಕೆ ಸಾಲವು. ಅಲ್ಲಿ ಬೇಕಾದುದು ಒಂದು ಪ್ರಶ್ನೆ. ದೊಡ್ಡ ನಗರದ ಅಂಗಡಿಯೊಂದು ಒಂದೇ ವಿನ್ಯಾಸದ ಸಾವಿರ ಚೀಲಗಳನ್ನು ಹಬ್ಬದೊಳಗೆ ಕೇಳಿದರೆ, ಹೊಲದ ಕೆಲಸ, ಮನೆಯ ಕೆಲಸಗಳ ನಡುವೆ ಸೂಜಿ ಹಿಡಿಯುವವರಿಂದ ಅದನ್ನು ಮಾಡಿಸಬಹುದೇ, ಮಾಡಿಸಿದರೆ ತುಣುಕಿಗೆ ಇಷ್ಟೆಂದು ಕೊಡುವ ಕೂಲಿಯನ್ನು ಯಾವ ಲೆಕ್ಕದಿಂದ ನಿಗದಿಮಾಡಬೇಕು? ಇದಕ್ಕೆ ಉತ್ತರ ಹುಡುಕುವ ಬರಹಗಾರನು ಕೇಂದ್ರದ ವ್ಯವಸ್ಥಾಪಕರನ್ನು ಮಾತ್ರ ಕಂಡು ಬಂದರೆ ಅರ್ಧವನ್ನೇ ಕಂಡಂತೆ. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವವರು ಯಾರು, ಸೂಜಿ ಹಿಡಿದವರ ಮಾತಿಗೆ ಒಪ್ಪಿಗೆ ಕೊಡುವವರು ಯಾರು ಎಂಬುದನ್ನು ಪ್ರಕಾಶನದ ನಿಯಮಾವಳಿಗಳು ಇನ್ನೂ ಸ್ಪಷ್ಟವಾಗಿ ಯೋಚಿಸಿಲ್ಲವೆಂದು ನನಗೆ ತೋರುತ್ತದೆ.

ಪ್ರಕರಣದ ಭಾಷೆಯ ಪ್ರಶ್ನೆಗೆ ಕಂಪ್ಲಿಯ ಕಬ್ಬಿನ ಉದಾಹರಣೆಯನ್ನು ಚುಟುಕಾಗಿ ಹೇಳುವೆನು. ವಿಜಯನಗರದ ಕಾಲದ ಕಾಲುವೆಗಳ ನೀರನ್ನು ಇಂದಿಗೂ ಉಣ್ಣುವ ಈ ಸೀಮೆಯ ರೈತನಿಗೆ, ಹೊಸಪೇಟೆಯ ಹಳೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ, ಕಬ್ಬನ್ನು ದೂರದ ಕಾರ್ಖಾನೆಗೆ ಕಳುಹಿಸುವುದೋ, ಆಲೆಮನೆಗೆ ಹಾಕಿ ಬೆಲ್ಲ ಮಾಡಿಸುವುದೋ, ಕಬ್ಬನ್ನೇ ಬಿಟ್ಟು ಬತ್ತಕ್ಕೆ ಅಥವಾ ಬಾಳೆಗೆ ತಿರುಗುವುದೋ ಎಂಬ ಆಯ್ಕೆ ಎದುರಾಗುತ್ತದೆ. ಕಡಿದ ಕಬ್ಬು ದಿನ ಕಳೆದಂತೆ ಸಕ್ಕರೆಯ ಅಂಶವನ್ನು ಕಳೆದುಕೊಳ್ಳುವುದರಿಂದ ದೂರವೆಂಬುದು ಇಲ್ಲಿ ನೇರವಾಗಿ ಹಣವೇ ಆಗಿದೆ. ಬೆಂಗಳೂರಿನ ತರಗತಿಯಲ್ಲಿ ಕುಳಿತವನು ಇದನ್ನು ಇಂಗ್ಲಿಷಿನಲ್ಲಿ ಓದಿ ಚೆನ್ನಾಗಿ ಚರ್ಚಿಸಬಹುದು, ಸಂದೇಹವಿಲ್ಲ. ಆದರೆ ಬಳ್ಳಾರಿ, ಹೊಸಪೇಟೆಗಳ ಕಾಲೇಜುಗಳಲ್ಲಿ ವಾಣಿಜ್ಯ ಶಾಸ್ತ್ರ ಓದುವ, ತಂದೆಯ ಜೊತೆಯಲ್ಲಿ ಆ ಕಬ್ಬಿನ ಗಾಡಿಯನ್ನು ತೂಕಕ್ಕೆ ನಿಲ್ಲಿಸಿ ಬಂದ ಹುಡುಗನಿಗೆ ಅದು ಕನ್ನಡದಲ್ಲಿ ದೊರೆಯುವುದು ಅಪರೂಪ.

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪಿತವಾದುದು. ಅದರ ಪ್ರಸಾರಾಂಗವು ಶಾಸನ, ಜಾನಪದ, ಭಾಷಾಶಾಸ್ತ್ರಗಳ ಗ್ರಂಥಗಳನ್ನು ಹೇರಳವಾಗಿ ಹೊರತಂದಿದೆ. ನೆರೆಯ ಗಣಿ, ಗದ್ದೆ, ಕಾರ್ಖಾನೆ, ಬಜಾರುಗಳ ಪ್ರಕರಣಗಳ ಒಂದು ಮಾಲೆಯನ್ನು ಅಂಥ ಸಂಸ್ಥೆಯೇ ಕೈಗೊಳ್ಳಬಹುದೆಂದು ನನ್ನ ಸೂಚನೆ. ಒಂದೊಂದು ಪ್ರಕರಣವೂ ಹತ್ತು ಹನ್ನೆರಡು ಪುಟಗಳ ಬಿಡಿ ಹೊತ್ತಿಗೆಯಾಗಿರಲಿ, ಕೊನೆಯಲ್ಲಿ ಕೋಷ್ಟಕಗಳಿರಲಿ. ಅಧ್ಯಾಪಕರಿಗೆಂದು ಬರೆಯುವ ಟಿಪ್ಪಣಿಯನ್ನು ಮಾತ್ರ, ಅಂದರೆ ಯಾವ ಪ್ರಶ್ನೆ ಕೇಳಬೇಕು, ಚರ್ಚೆ ಯಾವ ಕಡೆ ಹರಿಯಬಹುದು, ಮುಂದೆ ವಸ್ತುತಃ ಏನಾಯಿತು ಎಂಬುದನ್ನೊಳಗೊಂಡ ಬರಹವನ್ನು, ಅದರೊಡನೆ ಕಟ್ಟದೆ ಪ್ರತ್ಯೇಕವಾಗಿ ಮುದ್ರಿಸಿ, ಕೇಳಿದ ಅಧ್ಯಾಪಕರ ವಿಳಾಸಕ್ಕೆ ಮಾತ್ರ ಕಳುಹಿಸತಕ್ಕದ್ದು. ಅದು ಪರೀಕ್ಷೆಯ ಗೈಡ್ ಆಗಿ ಪುಸ್ತಕದಂಗಡಿಗೆ ಇಳಿದರೆ ಆ ಪ್ರಕರಣವನ್ನು ಮಾಲೆಯಿಂದ ತೆಗೆದು ಹೊಸದೊಂದನ್ನು ಬರೆಯಿಸಬೇಕಾಗುತ್ತದೆ.