ಐಚ್ಛಿಕ ವಿಜ್ಞಾನ: ಇಚ್ಛೆ ಯಾರದು?

(ನಾಟ್ರಾಂಪಾಳ್ಯದ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)

ಗಡಿಯ ವಿಚಾರವಾಗಿ, ಭಾಷೆಯ ವಿಚಾರವಾಗಿ ನಾವು ತಮ್ಮೊಡನೆ ಮಾತನಾಡುವುದುಂಟು. ಇಂದು ಅದಕ್ಕೆ ಹೊಂದಿಕೊಂಡೇ ಇರುವ, ಆದರೆ ಅಷ್ಟಾಗಿ ಚರ್ಚೆಗೆ ಬಾರದ ಒಂದು ವಿಷಯವನ್ನು ಮುಂದಿಡಬಯಸುತ್ತೇವೆ. ಹತ್ತನೆಯ ತರಗತಿ ಮುಗಿಸಿದ ನಮ್ಮ ಮಕ್ಕಳು ಮುಂದೆ ಏನನ್ನು ಆರಿಸಿಕೊಳ್ಳಬೇಕು, ಅದರಲ್ಲಿಯೂ ವಿಜ್ಞಾನವನ್ನು ಆರಿಸಿಕೊಳ್ಳುವ ಧೈರ್ಯ ಅವರಿಗೆ ಹೇಗೆ ಬರಬೇಕು ಎಂಬುದೇ ಆ ವಿಷಯ.

ಇಂಥ ಪಾಠಗಳಿಗೆ 'ಐಚ್ಛಿಕ' ಎಂದು ಹೆಸರು. ಇಚ್ಛೆಯಿಂದ ಬಂದುದು ಐಚ್ಛಿಕ. ಆದರೆ ನಮ್ಮ ಹಳ್ಳಿಗಳಲ್ಲಿ ಈ ಇಚ್ಛೆ ಯಾರದು? ಎಷ್ಟೋ ಸಲ ಅದು ಬಸ್ಸಿನ ವೇಳೆಯ ಇಚ್ಛೆ. ಇಲ್ಲವೆ ಗೆಳೆಯನು ಸೇರಿದ ಗುಂಪಿನ ಇಚ್ಛೆ. ಇಲ್ಲವೆ 'ವಿಜ್ಞಾನ ನಮ್ಮಂಥವರಿಗಲ್ಲ' ಎಂಬ ಅಂಜಿಕೆಯ ಇಚ್ಛೆ. ಮಗುವಿನ ಇಚ್ಛೆಗೆ ಕೊನೆಯ ಸ್ಥಾನ.

ಐಚ್ಛಿಕ ಪಾಠಗಳ ವ್ಯವಸ್ಥೆಯನ್ನು ಮಾಡಿದವರ ಉದ್ದೇಶ ಇದಾಗಿರಲಿಲ್ಲ. 1952-53ರ ಮೊದಲಿಯಾರ್ ಆಯೋಗವು ಮಕ್ಕಳ ಒಲವು ಬೇರೆ ಬೇರೆಯೆಂಬುದನ್ನು ಮನಗಂಡು ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳನ್ನು ಸೂಚಿಸಿತು. 1964-66ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷ ವಿಜ್ಞಾನವೂ ಗಣಿತವೂ ಎಲ್ಲ ಮಕ್ಕಳಿಗೂ ಇರಲಿ, ಆಯ್ಕೆ ಆಮೇಲೆ ಬರಲಿ ಎಂದಿತು. ತಮಿಳುನಾಡಿನಲ್ಲಿ 1978ರಲ್ಲಿ ಹೈಯರ್ ಸೆಕೆಂಡರಿ ತರಗತಿಗಳು ಬಂದ ಮೇಲೆ ಈ ಆಯ್ಕೆ ಹನ್ನೊಂದನೆಯ ತರಗತಿಯ ಹೊಸ್ತಿಲಿನಲ್ಲಿ ನಿಂತಿತು. ಹದಿನೈದು-ಹದಿನಾರು ವರ್ಷದ ಮಗು ಒಂದು ಅರ್ಜಿಯ ಮೇಲೆ ಗುರುತು ಹಾಕುತ್ತದೆ. ಅದರಿಂದ ಕೆಲವು ಬಾಗಿಲು ತೆರೆಯುತ್ತವೆ, ಕೆಲವು ಮುಚ್ಚುತ್ತವೆ.

ಯಾವ ಬಾಗಿಲು ಎಂಬುದನ್ನು ಸ್ಪಷ್ಟವಾಗಿ ತಿಳಿಯೋಣ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಗಣಿತವನ್ನು ತೆಗೆದುಕೊಂಡವರಿಗೆ ಇಂಜಿನಿಯರಿಂಗಿನ ದಾರಿಯುಂಟು. ಅವೆರಡರ ಜೊತೆಗೆ ಜೀವಶಾಸ್ತ್ರವನ್ನು ತೆಗೆದುಕೊಂಡವರು ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಕೂರಬಹುದು. ನಾಲ್ಕನ್ನೂ ಓದುವವರಿಗೆ ಎರಡು ದಾರಿಯೂ ತೆರೆದಿರುತ್ತವೆ, ಶ್ರಮವೂ ಹೆಚ್ಚು. ವಿಜ್ಞಾನ ಓದಿದವರು ಮುಂದೆ ವಾಣಿಜ್ಯಕ್ಕೋ ಸಾಹಿತ್ಯಕ್ಕೋ ಹೊರಳಬಹುದು. ವಿಜ್ಞಾನವನ್ನು ಬಿಟ್ಟವರು ಅದಕ್ಕೆ ಮರಳುವುದು ಬಲು ಕಷ್ಟ. ಎಲ್ಲರೂ ವಿಜ್ಞಾನವನ್ನೇ ಓದಬೇಕೆಂದು ನಾವು ಹೇಳುತ್ತಿಲ್ಲ. ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ.

ನಮ್ಮ ಮಕ್ಕಳಿಗೆ ಉಳಿದವರಿಗಿಲ್ಲದ ಒಂದು ತೊಡಕುಂಟು. ಮನೆಯಲ್ಲಿ ಕನ್ನಡ, ಕೆಳತರಗತಿಗಳಲ್ಲಿ ಕೆಲವರಿಗೆ ಕನ್ನಡವೇ ಮಾಧ್ಯಮ. ಹನ್ನೊಂದನೆಯ ತರಗತಿಯ ವಿಜ್ಞಾನವಾದರೋ ಸಾಮಾನ್ಯವಾಗಿ ತಮಿಳಿನಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ. ಒಂದೇ ಶಬ್ದ ಹೇಗೆ ದಾರಿ ತಪ್ಪಿಸುವುದೆಂಬುದಕ್ಕೆ ಉದಾಹರಣೆ ಕೊಡುತ್ತೇವೆ. ಕನ್ನಡದ ಪುಸ್ತಕದಲ್ಲಿ 'ಪರಮಾಣು' ಎಂದರೆ ಆಟಂ, 'ಅಣು' ಎಂದರೆ ಮಾಲಿಕ್ಯೂಲ್. ತಮಿಳಿನ ಪುಸ್ತಕದಲ್ಲಿ 'ಅಣು' ಎಂದರೆ ಆಟಂ. ಮಾಲಿಕ್ಯೂಲಿಗೆ 'ಮೂಲಕ್ಕೂರು' ಎನ್ನುತ್ತಾರೆ. ನೀರಿನ ಒಂದು ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಇವೆಯೆಂದು ಸರಿಯಾಗಿ ಕಲಿತ ಮಗು ಹೊಸ ತರಗತಿಯಲ್ಲಿ 'ಅಣು' ಎಂಬ ಮಾತನ್ನು ಕೇಳಿ ತಬ್ಬಿಬ್ಬಾಗುತ್ತದೆ. ಅದು ದಡ್ಡತನವಲ್ಲ, ಶಬ್ದದ ಗೊಂದಲ. ಆದರೆ ಮಗು ಅದನ್ನು ತನ್ನ ದಡ್ಡತನವೆಂದೇ ತಿಳಿದು ವಿಜ್ಞಾನವನ್ನು ತೊರೆಯುತ್ತದೆ. ಇದೇ ನಮ್ಮ ನಿಜವಾದ ನಷ್ಟ.

ಇದಕ್ಕೆ ಮದ್ದೂ ಕಷ್ಟದ್ದಲ್ಲ. ಕನ್ನಡದ 'ಆಮ್ಲ' ತಮಿಳಿನಲ್ಲಿ 'ಅಮಿಲಂ', 'ಕಾಂತ' ಅಲ್ಲಿ 'ಕಾಂದಂ'. 'ದ್ಯುತಿಸಂಶ್ಲೇಷಣೆ' ಅಲ್ಲಿ 'ಒಳಿಚ್ಚೇರ್ಕೈ'. ಒಳಿಯೆಂದರೆ ಬೆಳಕು, ಅರ್ಥ ಶಬ್ದದಲ್ಲಿಯೇ ಇದೆ. ಒಂಬತ್ತನೆಯ ತರಗತಿಯಿಂದಲೇ ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಸಾಲುಗಳ ಶಬ್ದಪುಸ್ತಕವನ್ನು ಪ್ರತಿ ಮಗುವೂ ಬರೆದಿಟ್ಟುಕೊಳ್ಳಲಿ. ಭಾವವನ್ನು ತಾಯ್ನುಡಿಯಲ್ಲಿ ಹಿಡಿದ ಮಗುವಿಗೆ ಉಳಿದೆರಡು ಭಾಷೆಗಳ ಹೆಸರುಗಳು ಹೊರೆಯಾಗವು.

'ನಮ್ಮ ಊರಿಗೂ ಆ ಪುಸ್ತಕದ ವಿದ್ಯೆಗೂ ಏನು ನಂಟು?' ಎಂದು ಕೆಲವರು ಕೇಳಬಹುದು. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬಂಡೆಯ ಖನಿಜಗಳಿಂದ ಅದು ನೀರಿಗೆ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುವ, ಇನ್ನೂ ಹೆಚ್ಚಾದರೆ ಮೂಳೆ ಕೆಡುವ ಭಯವುಂಟು. ಇದಕ್ಕಾಗಿಯೇ ಕಟ್ಟಿದ ಹೊಗೆನಕಲ್ಲಿನ ಕುಡಿಯುವ ನೀರಿನ ಯೋಜನೆ 2013ರಲ್ಲಿ ಕಾರ್ಯಾರಂಭವಾಯಿತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ ಎಂಬುದನ್ನು ರಸಾಯನಶಾಸ್ತ್ರ ಓದಿದ ಮಗಳು ಮನೆಯಲ್ಲಿ ಹೇಳಬಲ್ಲಳು. ಸುಣ್ಣದ ಅಂಶ ಧಾರಾಳವಾಗಿರುವ ರಾಗಿ ಮೂಳೆಗೆ ಏಕೆ ಒಳ್ಳೆಯದೆಂಬುದನ್ನು ಜೀವಶಾಸ್ತ್ರ ತಿಳಿಸುತ್ತದೆ. ಹೊಗೆನಕಲ್ಲಿನ ಕಾರ್ಬೊನಟೈಟ್ ಶಿಲೆಗಳು ಸುಮಾರು 240 ಕೋಟಿ ವರ್ಷ ಹಳೆಯವು. ದೂರದ ವಿದ್ವಾಂಸರು ಬಂದು ಅವನ್ನು ಅಭ್ಯಾಸ ಮಾಡುತ್ತಾರೆ. ಬಂಡೆ ನಮ್ಮ ಬಳಿ, ವಿದ್ಯೆ ಪರರ ಬಳಿ ಎಂದಾಗಬಾರದು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಆರರಿಂದ ಹನ್ನೆರಡನೆಯ ತರಗತಿಯವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ಆ ರಾಜ್ಯದ ವೈದ್ಯಕೀಯ ಪ್ರವೇಶದಲ್ಲಿ 2020ರಿಂದ ಶೇಕಡಾ 7.5ರ ಮೀಸಲಾತಿಯಿದೆ, 2021ರಲ್ಲಿ ಅದು ಇಂಜಿನಿಯರಿಂಗ್, ಕೃಷಿ ಮೊದಲಾದವುಗಳಿಗೂ ವಿಸ್ತರಿಸಿತು. ಮಗುವನ್ನು ನಡುವೆ ಗಡಿಯಾಚೆಯ ಶಾಲೆಗೋ ಖಾಸಗಿ ಶಾಲೆಗೋ ಸೇರಿಸಿದರೆ ಈ ಹಕ್ಕು ತಪ್ಪುತ್ತದೆ. ತೂಗಿ ನೋಡಿ ನಿರ್ಧರಿಸಿರಿ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಕೊಡುವ 'ಪುದುಮೈ ಪೆಣ್' ಯೋಜನೆ 2022ರಲ್ಲಿ ಬಂದಿದೆ. ನೀಟ್ ಪರೀಕ್ಷೆಯ ಪ್ರಶ್ನಪತ್ರಿಕೆ ಕನ್ನಡ, ತಮಿಳು ಸೇರಿ 13 ಭಾಷೆಗಳಲ್ಲಿ ದೊರೆಯುತ್ತದೆ. ಪ್ರಯೋಗವಿರುವ ಪ್ರತಿ ವಿಜ್ಞಾನ ವಿಷಯದ 100 ಅಂಕಗಳಲ್ಲಿ 20 ಪ್ರಯೋಗಕ್ಕೇ ಮೀಸಲು. ಆದುದರಿಂದ ಶಾಲೆಗೆ ಸೇರಿಸುವ ಮುನ್ನ ತಂದೆತಾಯಿಗಳು ಪ್ರಯೋಗಶಾಲೆಯನ್ನು ತೋರಿಸಿರೆಂದು ಕೇಳಲಿ. ಬೀಗ ಹಾಕಿದ್ದರೆ ಏಕೆಂದು ವಿನಯದಿಂದಲೇ ವಿಚಾರಿಸಲಿ.

ಮಹನೀಯರೆ, ನಾವು ಬೇಡುವುದು ಇಷ್ಟೆ. ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಮಕ್ಕಳನ್ನು ಪರೀಕ್ಷೆಗೆ ಮುಂಚೆಯೇ ಕೂಡಿಸಿಕೊಂಡು, ಊರಿನಲ್ಲಿ ಓದಿದವರೊಬ್ಬರು ಯಾವ ಗುಂಪು ಎಲ್ಲಿಗೆ ಒಯ್ಯುವುದೆಂದು ಒಂದು ಸಂಜೆ ತಿಳಿಸಲಿ. ಗಂಡುಮಗುವಿಗೊಂದು, ಹೆಣ್ಣುಮಗುವಿಗೊಂದು ನ್ಯಾಯ ಬೇಡ. ಭಾಷೆಯ ಅಭಿಮಾನ ಜಯಘೋಷದಲ್ಲಿ ಮುಗಿಯಬಾರದು. ಆ ಭಾಷೆಯಾಡುವ ಮಗು ಯಾವ ವಿದ್ಯೆಗೂ ಅಂಜದಂತೆ ಮಾಡುವುದೇ ಅದರ ಸಾರ್ಥಕತೆ. ಐಚ್ಛಿಕವೆಂಬ ಮಾತು ಇಲ್ಲಿಯಾದರೂ ನಿಜವಾಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.