ಹದಿಹರೆಯದವರಿಗೆ ಹಿರಿಯರ ಒಡನಾಟ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಹದಿಹರೆಯಕ್ಕೆ ಕಾಲಿಟ್ಟ ಮಗನು ಶಾಲೆಯನ್ನು ಬಿಟ್ಟು ಅಲೆಯುವನು, ಕಲಹಕ್ಕೆ ನಿಲ್ಲುವನು, ತಂದೆತಾಯಿಗಳ ಮಾತನ್ನು ಕೇಳನು. ಅಂಥವನನ್ನು ತಿದ್ದುವ ಬಗೆ ಯಾವುದೆಂದು ಭಕ್ತರು ಕೇಳುವುದುಂಟು. "ಸಜ್ಜನನಾದ ಹಿರಿಯನೊಬ್ಬನ ಒಡನಾಟವನ್ನು ಕಲ್ಪಿಸಿರಿ" ಎಂಬುದು ನಾವೆಲ್ಲರೂ ಕೊಡುವ ಉತ್ತರ. ಅದು ನಿಜವೇ, ಆದರೆ ಅರ್ಧ ನಿಜ. ಮಿಕ್ಕರ್ಧವನ್ನು ಅಮೇರಿಕಾ ದೇಶದಲ್ಲಿ ನಡೆದ ಪ್ರಯೋಗಗಳು ತಿಳಿಸುತ್ತವೆ.

೧೯೦೪ರಲ್ಲಿ ನ್ಯೂಯಾರ್ಕ್ ನಗರದ ಬಾಲನ್ಯಾಯಾಲಯದ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್ ಎಂಬವರು, ಅಲ್ಲಿಗೆ ಬರುತ್ತಿದ್ದ ಬಾಲಕರ ದೆಸೆಗೆ ಮರುಗಿ, ಸಭೆಯೊಂದರಲ್ಲಿ ಅವರ ಪರವಾಗಿ ಬೇಡಿಕೊಂಡರು. ಸುಮಾರು ೪೦ ಮಂದಿ ಗೃಹಸ್ಥರು ಒಬ್ಬೊಬ್ಬ ಬಾಲಕನಿಗೆ ಅಣ್ಣನಾಗಿ ನಿಲ್ಲಲು ಒಪ್ಪಿದರು. "ಹಿರಿಯಣ್ಣ"ರ ಸೇವಾಕಾರ್ಯವು ಹೀಗೆ ಮೊದಲಾಯಿತು.

ಆ ಬಳಿಕ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್, ಸಾಮರ್‌ವಿಲ್ ಎಂಬ ಊರುಗಳಲ್ಲಿ, ವೈದ್ಯರಾದ ರಿಚರ್ಡ್ ಕ್ಯಾಬಟ್ ಅವರು ಯೋಜಿಸಿದ ಕಾರ್ಯವು ೧೯೩೯ರಲ್ಲಿ ಆರಂಭವಾಯಿತು. ೫೦೬ ಬಾಲಕರನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾತ್ರ ಮಾರ್ಗದರ್ಶಕನನ್ನು ಕೊಟ್ಟರು. ಪಾಠ, ಔಷಧ, ಬೇಸಿಗೆಯ ಶಿಬಿರ ಮೊದಲಾದವು ಅಂಥವರಲ್ಲಿ ಹಲವರಿಗೆ ದೊರೆತವು. ಯುದ್ಧಕಾಲವಾದುದರಿಂದ ಮಾರ್ಗದರ್ಶಕರು ನಡುವೆ ಬದಲಾಗುತ್ತಲೂ ಇದ್ದರು. ೧೯೪೫ರಲ್ಲಿ ಕಾರ್ಯವು ನಿಂತಿತು. ೧೯೭೮ರಲ್ಲಿ ಜೋನ್ ಮೆಕಾರ್ಡ್ ಎಂಬ ವಿದುಷಿಯು ಫಲವನ್ನು ಪ್ರಕಟಿಸಿದರು. ನೆರವು ಪಡೆದವರಲ್ಲಿ ಅಪರಾಧವು ಕಡಮೆಯಾಗಿರಲಿಲ್ಲ. ಮದ್ಯವ್ಯಸನ, ಮನೋರೋಗ ಮೊದಲಾದವುಗಳಲ್ಲಿ ಅವರ ಗತಿಯೇ ಕೀಳಾಗಿತ್ತು. ಆದರೂ ಅವರಲ್ಲಿ ಹೆಚ್ಚಿನವರು ತಮಗೆ ಉಪಕಾರವಾಯಿತೆಂದೇ ನುಡಿದರು! ಮೆಚ್ಚಿಕೆ ಬೇರೆ, ಫಲ ಬೇರೆ. ಶಿಬಿರಕ್ಕೆ ಮರಳಿ ಮರಳಿ ಹೋದವರಿಗೇ ಕೇಡು ಹೆಚ್ಚಾಗಿ ತಗುಲಿತೆಂದು ಮುಂದೆ ಕಂಡುಬಂದಿತು. ದಾರಿ ತಪ್ಪಿದವರನ್ನು ಒಂದೆಡೆ ಕೂಡಿಹಾಕಿದರೆ, ಗುರುವಿಗಿಂತ ಜೊತೆಗಾರನೇ ಬಲವಾದ ಉಪಾಧ್ಯಾಯನಾಗುವನೆಂದು ಇದರಿಂದ ಊಹಿಸಬೇಕಾಗಿದೆ.

ಹಾಗಾದರೆ ಒಡನಾಟವು ವ್ಯರ್ಥವೇ? ಅಲ್ಲ. ೧೯೯೫ರಲ್ಲಿ ಹಿರಿಯಣ್ಣರ ಸಂಸ್ಥೆಯ ೮ ಶಾಖೆಗಳಲ್ಲಿ ೯೫೯ ಬಾಲಕ ಬಾಲಿಕೆಯರ ಪರೀಕ್ಷೆಯ ಫಲವು ಪ್ರಕಟವಾಯಿತು. ೧೮ ತಿಂಗಳಲ್ಲಿ ಮಾದಕದ್ರವ್ಯಕ್ಕೆ ಹೊಸದಾಗಿ ಕೈಯಿಕ್ಕುವುದು, ಹಿರಿಯರ ಜೊತೆ ದೊರೆತವರಲ್ಲಿ ನೂರಕ್ಕೆ ೪೬ರಷ್ಟು ಕಡಮೆಯಾಗಿತ್ತು, ಹೊಡೆದಾಟವೂ ತಗ್ಗಿತ್ತು. ಇದನ್ನೇ ೨೦೦೨ರಲ್ಲಿ ಮತ್ತೊಮ್ಮೆ ಶೋಧಿಸಿದಾಗ ಮರ್ಮವು ಹೊರಬಿದ್ದಿತು. ವರುಷ ತುಂಬಿ ನಡೆದ ಒಡನಾಟದಿಂದ ಹೆಚ್ಚಿನ ಹಿತವಾಯಿತು. ಮೂರು ತಿಂಗಳೊಳಗೆ ಮುರಿದುಬಿದ್ದುದರಿಂದ ಮಕ್ಕಳಿಗೆ ತಮ್ಮ ಮೇಲಿದ್ದ ಗೌರವವೇ ಕುಗ್ಗಿತು. ಒಮ್ಮೆ ಕೈಬಿಡಲ್ಪಟ್ಟ ಮಗುವನ್ನು ಎರಡನೆಯ ಸಲ ಕೈಬಿಟ್ಟಂತೆ!

ಆದಕಾರಣ ಭಕ್ತಮಹಾಶಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಒಬ್ಬ ಹಿರಿಯನಿಗೆ ಒಬ್ಬನೇ ಕಿರಿಯನಿರಲಿ. ಉಪದೇಶಕ್ಕೆ ಮೊದಲು ಅವನ ಮಾತನ್ನು ಕೇಳುವ ತಾಳ್ಮೆಯಿರಲಿ. ವಾರವಾರವೂ ತಪ್ಪದೆ ಕಾಣುವ ನೇಮವಿರಲಿ. ಅದು ವರುಷಕ್ಕೆ ಕಡಮೆಯಾಗದಿರಲಿ. ಉತ್ಸವದ ಉತ್ಸಾಹದಲ್ಲಿ ಮಾತು ಕೊಟ್ಟು ಮೂರು ತಿಂಗಳಿಗೆ ಮರೆಯುವುದಾದರೆ, ಮಾತು ಕೊಡದಿರುವುದೇ ಲೇಸು. ಕೊಟ್ಟವರು ಕಡೆತನಕ ನಡೆಸಲಿ.